ನನ್ನೆದುರಿಗೇ ಇದೆಯಲ್ಲ

ಸೆಪ್ಟೆಂಬರ್ 8, ಬೆಳಿಗ್ಗೆ

ಮತ್ತೆ ಅದೇ ರೋಸೆ ವೈನ್. ವೆಬ್ ಅಂಗಡಿಯಲ್ಲಿ ಎಷ್ಟು ಸಲ ಅಡಗಿಸಿದರೂ ಅಲ್ಲೇ ಇದೆ, ಹಲ್ಲು ಕಿರಿದುಕೊಂಡು. ಬಾಟಲಿ ಒಂದೂ ಉಳಿದಿಲ್ಲ. ಯಾರಾದರೂ ಆರ್ಡರ್ ಮಾಡಿದರೆ ಏನು ಕಳಿಸಲಿ, ನೀರನ್ನೇ?

ನಮ್ಮ ತೋಟದ ವೈನ್ ಅಂಗಡಿಯನ್ನು ವೆಬ್ಬಿನಲ್ಲಿ ನಡೆಸುತ್ತಿದ್ದವಳು ಸಾಸ್ಕಿಯಾ, ನನ್ನ ಗಂಡ ಗೆರಿಟ್‌ನ ತಂಗಿಯ ಮಗಳು. ಬಾಣಂತನಕ್ಕೆ ಕ್ಯಾಲ್ಗರಿಗೆ ಹೋದಳು. ಹೋಗುವಾಗ ಆಫೀಸಿನ ಕಂಪ್ಯೂಟರನ್ನು ನನ್ನ ತಲೆಗೆ ಕಟ್ಟಿದಳು. "ಟ್ರೂಡಿ ಅತ್ತೆ, ಏನ್ ಬೇಕಾದ್ರೂ ಮಾಡಿ, ಲಾಗೌಟ್ ಮಾತ್ರ ಮಾಡ್ಬೇಡಿ. ಮತ್ತೆ ಒಳಗೆ ಹೋಗೋಕೆ ನಿಮ್ಗೆ ಬರಲ್ಲ." ಮಾಡಿಲ್ಲ. ದೇವರಾಣೆ.

ರೋಸೆ ವಿಷಯ ಕೇಳೋಣವೆಂದು ಅವಳಿಗೆ ಫೋನ್ ಮಾಡಿದೆ. ಹಿಂದೆ ಮಗುವಿನ ಚೀರಾಟ.

"ಅಡಗಿಸಿದ್ದು ನಿಮ್ಗೆ ಕಾಣ್ತಾನೇ ಇರುತ್ತೆ ಅತ್ತೆ, ಯಾಕಂದ್ರೆ ನೀವು— ಅಯ್ಯೋ, ಕಕ್ಕಿಬಿಟ್ಟ!"

ಫೋನ್ ಕಟ್ಟಾಯಿತು. ಯಾಕಂದ್ರೆ ನಾನು... ಏನು? ಮುದುಕಿ? ಪೆದ್ದಿ? ಒಟ್ಟಿನಲ್ಲಿ ಕಂಡರೆ ಪರವಾಗಿಲ್ಲ ಎಂದ ಹಾಗಿತ್ತು. ರೋಸೆ ಸಹವಾಸ ಬಿಟ್ಟೆ.

ಸೆಪ್ಟೆಂಬರ್ 14

ಇವತ್ತು ನನ್ನ ವೈನ್ ವೆಬ್ ಅಂಗಡಿಗೆ ಏರಿತು. ನನ್ನದು! ಈ ಮನೆಗೆ ಬಂದಾಗಿನಿಂದ ಗೆರಿಟ್‌ನ ಬಾಟಲಿಗಳಿಗೆ ಲೇಬಲ್ ಅಂಟಿಸಿದವಳು ನಾನು. ಹಳ್ಳದ ಪಕ್ಕದ ಬಾಕೋ ಬಳ್ಳಿಯ ಸಾಲುಗಳು ಯಾರಿಗೂ ಬೇಡವಾಗಿದ್ದವು. ಆ ದ್ರಾಕ್ಷಿಯಿಂದ ಒಂದು ವೈನ್ ಮಾಡುತ್ತೇನೆ ಎಂದಾಗ ಗೆರಿಟ್ ನಕ್ಕಿದ್ದ. "ಬಾಕೋದಲ್ಲಿ ವೈನೇ? ಬ್ರೆಡ್ಡಿಗೆ ಹಚ್ಕೊಳ್ಳೋಕೆ ಸರಿಹೋಗುತ್ತೆ." ಅವನಿಗೆ ಆ ಸಾಲು ಕಿತ್ತು ರೀಸ್ಲಿಂಗ್ ದ್ರಾಕ್ಷಿ ನೆಡುವ ಆಸೆ.

ಪಂಥ ಕಟ್ಟಿದ್ದು ನಾನೇ. ನೆಲ ಹೆಪ್ಪುಗಟ್ಟುವ ಮುಂಚೆ ಜನ ಕೊಂಡರೆ ಸಾಲು ಉಳಿಯಬೇಕು. ಇಲ್ಲವಾದರೆ ಕಿತ್ತುಕೋ. ಅದೂ ವೆಬ್ಬಿನಲ್ಲಿ ಮಾತ್ರ. ತೋಟಕ್ಕೆ ಬಂದವರು ನನ್ನ ಮುಖ ನೋಡಿ ದಾಕ್ಷಿಣ್ಯಕ್ಕೆ ಕೊಳ್ಳುತ್ತಾರೆ, ಅದು ಬೇಡ.

ಗೆರಿಟ್‌ನ ಕಿತಾಪತಿ ನೋಡಿ. ನಾನು ಕಾಫಿಗೆ ಎದ್ದಾಗ ಬಂದು ವಿವರಣೆಯ ಜಾಗದಲ್ಲಿ "ಜಾಮ್ ಪ್ರಿಯರಿಗೆ" ಎಂದು ಬರೆದು ಹೋಗಿದ್ದಾನೆ. ಮೈ ಉರಿಯಿತು. ಅಳಿಸಿದೆ. ಕೆಳಗೆ ಒಂದು ಪೆಟ್ಟಿಗೆ ಸಿಕ್ಕಿತು: ಯಾರಿಗೆ? ಎಲ್ಲರಿಗೂ, ಕ್ಲಬ್ ಸದಸ್ಯರಿಗೆ, ಅಡ್ಮಿನ್‌ಗೆ ಮಾತ್ರ. ಎಲ್ಲರಿಗೂ ಎಂದರೆ ಎಲ್ಲರೂ ಕೈಯಾಡಿಸುತ್ತಾರೆ. ಅಡ್ಮಿನ್ ಅಂದರೆ ಅಂಗಡಿ ನಡೆಸುವವಳು, ಈಗ ನಾನು ತಾನೇ? ಅದನ್ನೇ ಒತ್ತಿದೆ. ಇನ್ನು ಕೈ ಹಾಕಲಿ ನೋಡೋಣ.

ಅಂಗಡಿ ತೆರೆದು ನೋಡಿದೆ. ಮೊದಲ ಸಾಲಿನಲ್ಲೇ ಇದೆ, ಕಪ್ಪು ಕೆಂಪು ಲೇಬಲ್, ಕೆಳಗೆ ನನ್ನ ಹೆಸರು. ನೋಡುತ್ತಾ ಕೂತುಬಿಟ್ಟೆ. ಒಲೆಯ ಮೇಲಿನ ಬಟಾಣಿ ಸೂಪ್ ತಳ ಹಿಡಿಯಿತು.

ಸೆಪ್ಟೆಂಬರ್ 29

ಒಂದೂ ಹೋಗಿಲ್ಲ.

ಗೆರಿಟ್‌ನ ರೀಸ್ಲಿಂಗ್ ಹೋಗುತ್ತಿದೆ. ಕಾಬರ್ನೆ ಹೋಗುತ್ತಿದೆ. ಹೋದ ವರ್ಷದ ಆ ಸಪ್ಪೆ ಶಾರ್ಡನೆಗೂ ಗಿರಾಕಿ ಇದ್ದಾರೆ. ಬೆಲೆ ಹೆಚ್ಚಾಯಿತೇನೋ ಎಂದು ಇಳಿಸಿದೆ. ಫೋಟೋ ಬದಲಾಯಿಸಿದೆ. ದಿನಾ ಬೆಳಿಗ್ಗೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂರುತ್ತೇನೆ.

ಅಕ್ಟೋಬರ್ 13, ಥ್ಯಾಂಕ್ಸ್‌ಗಿವಿಂಗ್ ಹಬ್ಬ

ಊಟಕ್ಕೆ ನನ್ನ ಬಾಕೋ ತೆಗೆದೆ. ಗೆರಿಟ್ ಟರ್ಕಿ ಕೋಳಿ ಕತ್ತರಿಸುತ್ತಾ, "ಹೆತ್ತವರಿಗೆ ಹೆಗ್ಗಣ ಮುದ್ದು" ಎಂದ. ಒಂದು ಲೋಟ ಕುಡಿದ. ಇನ್ನೊಂದು ಸುರಿದುಕೊಂಡ. ಆಮೇಲೆ ತಮಾಷೆ ನಿಂತಿತು.

"ಚೆನ್ನಾಗೇ ಇದೆ ಕಣೇ."

"ಸುಮ್ಮನೆ ಹೇಳ್ಬೇಡ."

"ಇಲ್ಲ, ನಿಜ. ಜನ ಯಾಕೆ ತಗೊಳ್ತಿಲ್ಲ ಅಂತ ನಂಗೇ ಅರ್ಥ ಆಗ್ತಿಲ್ಲ."

ನನ್ನ ಮಾತಿಗೆ ಆಫೀಸಿಗೆ ಬಂದು ಪಕ್ಕದಲ್ಲಿ ಕೂತು ನೋಡಿದ. ಇದೆ. ಎಲ್ಲಕ್ಕಿಂತ ಮೇಲೆ ಇದೆ. ಇಬ್ಬರೂ ನೋಡಿದೆವು. ಅವನು ನನ್ನ ಬೆನ್ನು ತಟ್ಟಿ ಎದ್ದು ಹೋದ. ನಗಬಹುದಿತ್ತು. ಗೆದ್ದವನು ನಗದೆ ಬೆನ್ನು ತಟ್ಟಿದರೆ ಹೆಚ್ಚು ನೋವಾಗುತ್ತದೆ.

ಅಕ್ಟೋಬರ್ 22

ಮಿಸೆಸ್ ಪೆಟ್ರಿಶಿನ್ ಫೋನ್ ಮಾಡಿದ್ದರು. ಸೇಂಟ್ ಕ್ಯಾಥರಿನ್ಸ್ ಊರಿನ ಹಳೇ ಗಿರಾಕಿ. ವಸಂತದಲ್ಲಿ ಪೀಪಾಯಿಯಿಂದ ನನ್ನ ಬಾಕೋ ರುಚಿ ನೋಡಿ ಕೈ ಹಿಡಿದುಕೊಂಡಿದ್ದರು.

"ಟ್ರೂಡಿ, ನಿನ್ ವೈನ್ ಯಾವಾಗ ಬಿಡ್ತೀಯಮ್ಮ?"

"ಬಿಟ್ಟು ತಿಂಗಳಾಯ್ತಲ್ಲ! ವೆಬ್ಬಲ್ಲಿದೆ."

"ಇಲ್ವಲ್ಲ. ಈಗ ನೋಡ್ತಾ ಇದೀನಿ."

"ನಾನೂ ನೋಡ್ತಾ ಇದೀನಿ. ನನ್ನೆದುರಿಗೇ ಇದೆಯಲ್ಲ. ಮೊದಲನೇ ಸಾಲು."

"ಮೊದಲನೇ ಸಾಲಲ್ಲಿ ನಿನ್ ಗಂಡನ್ ರೀಸ್ಲಿಂಗ್ ಇದೆ."

"ಕನ್ನಡಕ ಹಾಕ್ಕೊಂಡಿದೀರಾ?"

"ಪೊರೆ ತೆಗೆಸಿದ ಮೇಲೆ ನಂಗೆ ಕನ್ನಡಕಾನೇ ಬೇಡ! ಆಚೆ ದಡದ ದೋಣಿ ಎಣಿಸ್ತೀನಿ! ಹೋಗ್ಲಿ, ಫೋನಲ್ಲೇ ಹೇಳ್ತೀನಿ, ಬರ್ಕೊ. ಒಂದು ಕೇಸು, ಹನ್ನೆರಡು ಬಾಟಲಿ."

ಆಗಲ್ಲ, ವೆಬ್ಬಲ್ಲೇ ಆಗಬೇಕು ಎಂದೆ. ಪಂಥದ ವಿಷಯ ಹೇಳಲು ನಾಚಿಕೆಯಾಯಿತು. ಇನ್ನೊಂದು ಸಲ ಸರಿಯಾಗಿ ಕಣ್ಣು ಬಿಟ್ಟು ನೋಡಿ ಎಂದುಬಿಟ್ಟೆ.

"ಕೊಡೋಕೆ ಇಷ್ಟ ಇಲ್ಲ ಅಂದ್ರೆ ಇಲ್ಲ ಅನ್ನು. ನನ್ ಕಣ್ಣಿನ ಸುದ್ದಿ ಯಾಕೆ?"

ಇಟ್ಟರು. ಪಾಪ, ವಯಸ್ಸು. ಆದರೂ... ರೀಸ್ಲಿಂಗ್ ಕಾಣುತ್ತದೆ, ಅದರ ಪಕ್ಕದ್ದು ಕಾಣುವುದಿಲ್ಲವೆಂದರೆ ಅದೆಂಥ ಪೊರೆ? ತಲೆ ಕೆಟ್ಟು ಮೊಸರಾಗಿದೆ.

ನವೆಂಬರ್ 12

ಇಷ್ಟು ದಿನ ಇದರಲ್ಲಿ ಏನೂ ಬರೆಯಲಿಲ್ಲ. ಬರೆಯುವುದು ಏನಿತ್ತು?

ನಾನೇ ಹೇಳಿದೆ, ಆ ಸಾಲು ಕೀಳಿಸು ಎಂದು. ಗೆರಿಟ್ "ಇನ್ನೊಂದು ವರ್ಷ ನೋಡೋಣ್ವಾ?" ಎಂದ. ಭಿಕ್ಷೆ ಬೇಡ ಎಂದೆ. ಊರಿಗೆ ಊರೇ ನೋಡಿ ಮುಖ ತಿರುಗಿಸಿದ ಮೇಲೆ ಇನ್ನೇನು ವರ್ಷ. ನನ್ನ ನಾಲಿಗೆಯೇ ಸುಳ್ಳೇನೋ. ನನಗೆ ಸಿಹಿ ಅನಿಸಿದ್ದು ಬೇರೆಯವರಿಗೆ ಕಹಿಯೇನೋ. ಇಷ್ಟು ವರ್ಷ ಅವನ ವೈನನ್ನು ಹೊಗಳಿದ ನಾಲಿಗೆಯೂ ಇದೇ ಅಲ್ಲವೇ? ಹಾಗಾದರೆ ಅದೂ...

ಏನೂ ತಿಳಿಯುತ್ತಿಲ್ಲ. ಸೋಮವಾರ ಬಳ್ಳಿ ಕೀಳುವ ಯಂತ್ರ ಬರುತ್ತದೆ.

ನವೆಂಬರ್ 17, ಬೆಳಿಗ್ಗೆ

ಬಂದಿದೆ. ಹಳದಿ ಯಂತ್ರ ಅಂಗಳದಲ್ಲಿ ನಿಂತಿದೆ. ಓಡಿಸುವವನು ಡಾರ್ಸಿ ಎಂಬ ದಪ್ಪ ಮನುಷ್ಯ. ಕಾಫಿ ಕೊಟ್ಟೆ, ಜೊತೆಗೆ ಬಟರ್ ಟಾರ್ಟ್. ಗೆರಿಟ್ ಎದ್ದಾಗಿನಿಂದ ಹಳ್ಳದ ಕಡೆ ಹೋಗಿ ನಿಂತಿದ್ದಾನೆ, ನನ್ನ ಮುಖ ನೋಡಲಾರದೆ.

"ಏನಮ್ಮಾ, ಬಾಕೋ ಕೀಳಿಸ್ತಿದೀರಾ?" ಎಂದ ಡಾರ್ಸಿ. "ನಮ್ಮಪ್ಪಂಗೆ ಅದೇ ಇಷ್ಟ ಇತ್ತು. ಉಳಿದಿದ್ರೆ ಎರಡು ಬಾಟಲಿ ತಗೊಳ್ತೀನಿ."

ವೆಬ್ಬಲ್ಲಿದೆ ತಗೋಪ್ಪಾ ಎಂದೆ, ಅಭ್ಯಾಸಬಲ. ಫೋನ್ ತೆಗೆದು ಬೆರಳಾಡಿಸಿದ. "ಎಲ್ಲಿ? ಬಾಕೋ ಅನ್ನೋದೇ ಇಲ್ವಲ್ಲ." ನಕ್ಕು, ಹ್ಯಾಟ್ ತೊಟ್ಟು, ಯಂತ್ರದ ಕಡೆ ಹೋದ.

ಇವನಿಗೆ ಪೊರೆಯಿಲ್ಲ.

ನನ್ನ ಫೋನಿನಲ್ಲಿ ನೋಡುತ್ತೇನೆ. ಇದರಲ್ಲಿ ನೋಡಿದ್ದೇ ಇಲ್ಲ, ಅಕ್ಷರಗಳು ಇರುವೆಗಳಂತೆ ಕಾಣುತ್ತವೆ ಎಂದು.

ಅಂಗಡಿ ತೆರೆಯುವ ಮುಂಚೆ ಏನೋ ಕೇಳುತ್ತಿದೆ. 'ನಿಮಗೆ ಕುಡಿಯುವ ವಯಸ್ಸಾಗಿದೆಯೇ?' ನನ್ನನ್ನೇ ಕೇಳುತ್ತಿದೆ, ಯಾರೋ ದಾರಿಹೋಕಳೆಂಬಂತೆ. ಆಫೀಸಿನಲ್ಲಿ ಒಂದು ದಿನವೂ ಕೇಳಿದ್ದಿಲ್ಲ. ಆಗಿದೆಯಪ್ಪಾ, ಅರವತ್ತೊಂದು.

ರೀಸ್ಲಿಂಗ್. ಕಾಬರ್ನೆ. ಶಾರ್ಡನೆ. ಮತ್ತೆ ಮೇಲಿನಿಂದ ನೋಡಿದೆ. ರೋಸೆಯೂ ಇಲ್ಲ. ಸೆಪ್ಟೆಂಬರಿನಲ್ಲಿ ಅಡಗಿಸಿದ ರೋಸೆ ಇಲ್ಲಿ ನಿಜವಾಗಿಯೂ ಅಡಗಿದೆ. ಆಫೀಸಿನಲ್ಲಿ ಇನ್ನೂ ಹಲ್ಲು ಕಿರಿಯುತ್ತಿದೆ.

'ನಿಮ್ಗೆ ಕಾಣ್ತಾನೇ ಇರುತ್ತೆ ಅತ್ತೆ, ಯಾಕಂದ್ರೆ ನೀವು—'

ಅಡ್ಮಿನ್.

ಯಾರಿಗೆ? ಅಡ್ಮಿನ್‌ಗೆ ಮಾತ್ರ. ಆ ಪೆಟ್ಟಿಗೆ ಕೇಳಿದ್ದು ಮುಟ್ಟುವುದಕ್ಕಲ್ಲ. ನೋಡುವುದಕ್ಕೆ.

ಹಾಗಾದರೆ ಯಾರೂ ಬೇಡ ಎಂದಿಲ್ಲ. ಯಾರೂ ನೋಡಿಯೇ ಇಲ್ಲ. ಇಷ್ಟು ದಿನ ನನ್ನ ವೈನನ್ನು ನಾನೊಬ್ಬಳೇ ನೋಡುತ್ತಾ, ಊರಿಗೆಲ್ಲ ಶಾಪ ಹಾಕುತ್ತಾ... ಅಯ್ಯೋ, ಮಿಸೆಸ್ ಪೆಟ್ರಿಶಿನ್! ಬರೆಯುತ್ತಾ ನಗು ಬರುತ್ತಿದೆ. ಚೆನ್ನಾಗಿದೆ, ನನ್ನ ವೈನ್ ಚೆನ್ನಾಗಿರಬಹುದು, ಗೆರಿಟ್ ಸುಳ್ಳು ಹೇಳಿರಲಿಲ್ಲ, ಇದನ್ನು ಅವನಿಗೆ

ಎಂಜಿನ್ ಶುರುವಾಯಿತು. ಹಳ್ಳದ ಕಡೆ ಹೋಗುತ್ತಿದೆ. ನನ್ನ ಬೂಟು ಎಲ್ಲಿ—