ಮೆತ್ತನೆಯ ಸ್ಪ್ರಿಂಗ್

ಮಾರ್ಚ್ 3, ಸಂಜೆ

ಕೊನೆಗೂ ಅಣ್ಣನ ಏರ್‌ಗನ್ನಿನ ಸ್ಪ್ರಿಂಗ್ ಹೊರಬಂತು. ಬಂದ ರೀತಿ ಮಾತ್ರ ಕೇಳಬಾರದು. ಹಿಂದಿನ ಮುಚ್ಚಳ ತಿರುಗಿಸುವಾಗ ಅದನ್ನು ಒತ್ತಿಹಿಡಿದಿದ್ದ ಕ್ಲಾಂಪ್ ಜಾರಿತು. ಸ್ಪ್ರಿಂಗ್ ಹಾರಿ ಬೀರುವಿಗೆ ಬಡಿಯಿತು. ಅದರ ಬಾಗಿಲು ನೆಗ್ಗಿದೆ. ನನ್ನ ಮುಖ ಅಡ್ಡ ಇರಲಿಲ್ಲ, ಪುಣ್ಯ.

ಅತ್ತಿಗೆ ಓಡಿಬಂದರು. “ಏನೇ ಮಾಡ್ತಿದ್ದೀಯ ಅವರ ಗನ್ನಿಗೆ?”

“ಕ್ಲೀನ್ ಮಾಡ್ತಿದ್ದೀನಿ ಅತ್ತಿಗೆ. ಅಣ್ಣನಿಗೆ ಹೇಳ್ಬೇಡಿ.”

ಏರ್‌ಗನ್ ಬಿಚ್ಚಿದ್ದು ಇದೇ ಮೊದಲು. ದಿನಾ ಹೊಲಿಗೆ ಮೆಷಿನ್ ಬಿಚ್ಚಿ ಜೋಡಿಸುವವಳಿಗೆ ಇದೇನು ಮಹಾ ಅಂದುಕೊಂಡಿದ್ದೆ. ಜಂಬ.

ಮಾರ್ಚ್ 4

ನಿದ್ದೆ ಇಲ್ಲ. ಲಕ್ವ ಹೊಡೆದ ಮೇಲೆ ಅಣ್ಣನ ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿರುತ್ತದೆ. ಶೂಟಿಂಗ್ ರೇಂಜಿನಲ್ಲಿ ಅಷ್ಟು ಜನಕ್ಕೆ ಗುರಿ ಹಿಡಿಯಲು ಕಲಿಸಿದವನು. ಹೋದ ವಾರ ಗನ್ ತರಿಸಿಕೊಂಡ. ಮೊಣಕಾಲುಗಳ ನಡುವೆ ಸಿಗಿಸಿ, ಎಡಗೈಯಲ್ಲಿ ನಳಿಗೆ ಬಗ್ಗಿಸಲು ನೋಡಿದ. ಪೂರ್ತಿ ಬಗ್ಗಿಸಿದರೆ ತಾನೆ ಒಳಗಿನ ಸ್ಪ್ರಿಂಗ್ ಕುಗ್ಗಿ ಕೊಕ್ಕೆಗೆ ಸಿಗುವುದು... ಅರ್ಧಕ್ಕೇ ಕೈ ಸೋತಿತು. ನಾನು ಎದ್ದೆ.

“ಕೂತ್ಕೋ. ನನ್ನ ಗನ್ ನಾನೇ ಲೋಡ್ ಮಾಡೋಕಾಗಲ್ಲ ಅಂದ್ಮೇಲೆ ಇನ್ಯಾಕೆ ಇರಬೇಕು.”

ಅಂದಿನಿಂದ ವ್ಯಾಯಾಮ ಬಿಟ್ಟಿದ್ದಾನೆ. ಮಾತ್ರೆಗಳು ದಿಂಬಿನ ಕೆಳಗೆ ಸಿಕ್ಕವು. ಹೆದರಿಕೆ ಆಗುತ್ತಿದೆ ನನಗೆ.

ಅದಕ್ಕೇ ಮೆತ್ತನೆಯ ಸ್ಪ್ರಿಂಗ್ ತಂದಿದ್ದೇನೆ. ಅವನಿಗೆ ಹೇಳುವುದಿಲ್ಲ. ಕೈಗೇ ಬಲ ಬಂತು ಅಂದುಕೊಳ್ಳಲಿ.

ಮಾರ್ಚ್ 9

ಜೋಡಿಸಿದೆ. ಗ್ರೀಸ್ ಜಾಸ್ತಿಯಾಯಿತು — ಮೊದಲ ಗುಂಡಿಗೆ ನಳಿಗೆಯ ಬಾಯಿಂದ ಹೊಗೆ. ಮತ್ತೆ ಬಿಚ್ಚಿ ಒರೆಸಿದೆ.

ಟ್ರಿಗರ್ ಕೂಡ ಗಟ್ಟಿ. ಅಭ್ಯಾಸವಿಲ್ಲದ ಎಡ ಬೆರಳಿಗೆ ಕಷ್ಟ. ಸ್ಪ್ರಿಂಗ್ ಹಿಡಿದಿಡುವ ಕೊಕ್ಕೆಯ ಅಂಚಿಗೆ ಸಣ್ಣ ಅರ ಆಡಿಸಿದೆ. ಫೋನಿನಲ್ಲಿ ನೋಡಿದ ವೀಡಿಯೊದವನು ಹಾಗೇ ಮಾಡಿದ. ಈಗ ಮುಟ್ಟಿದರೆ ಸಾಕು.

ಮಾರ್ಚ್ 12

ಅಣ್ಣ ನಳಿಗೆ ಪೂರ್ತಿ ಎಳೆದ. ಕೊಕ್ಕೆ ಕಟ್ ಅಂತು!

ತಿರುಗಿ ನನ್ನನ್ನು ನೋಡಿದ. “ಬಂತು ಕಣೇ ಬಲ.” ಅತ್ತಿಗೆ ಒಳಗೆ ಹೋಗಿ ಅತ್ತರು. ಗುಂಡುಗಳು ಕಾಗದದ ಗುರಿಗಿಂತ ಕೆಳಗೆ ಬಿದ್ದವು. ಎಡಗಣ್ಣಿಗೆ ಅಭ್ಯಾಸ ಇಲ್ಲ ಅಂದ. ಮೆತ್ತನೆ ಸ್ಪ್ರಿಂಗಿಗೆ ಗುಂಡು ಕೆಳಗೇ ಬೀಳುತ್ತದೆ ಅನ್ನುವುದು ಅವನಿಗೆ ಗೊತ್ತಿಲ್ಲದ್ದೇ? ನಂಬಬೇಕಿತ್ತು, ನಂಬಿದ. ನಾನು ಹೂಂ ಅಂದೆ.

ಮಾರ್ಚ್ 20

ಕೇಳಿ ಬಡಿಸಿಕೊಳ್ಳುತ್ತಾನೆ. ಮಾತ್ರೆ ನುಂಗುತ್ತಾನೆ. ಬಲಗೈಗೂ ವ್ಯಾಯಾಮ ಶುರು. ನಾನು ಹೊಲಿದ ಅಂಗಿ ಹಾಕಿಕೊಂಡು, “ಇದು ನನಗೆ ಹೊಲಿದಿದ್ದೋ, ಕಂಬಕ್ಕೋ?” ಅಂತ. ಎಷ್ಟು ತಿಂಗಳಾಗಿತ್ತು ಹೀಗೆ ಕಾಡಿಸಿ.

ಏಪ್ರಿಲ್ 2, ಆಸ್ಪತ್ರೆ

ಅಣ್ಣನ ಎಡಗೈ. ತೋರುಬೆರಳಿನ ತುದಿ ತೆಗೆದರು. ನಡುಬೆರಳು ಮಡಚುವುದು ಕಷ್ಟವಂತೆ.

ನಳಿಗೆ ಬಗ್ಗಿಸಿ ಗುಂಡು ಇಡುತ್ತಿದ್ದ. ಟ್ರಿಗರ್ ಮುಟ್ಟಿರಲಿಲ್ಲ — ನೋಡುತ್ತಲೇ ಇದ್ದೆ. ನಳಿಗೆ ತಾನಾಗಿ ಸಟ್ಟನೆ ಮುಚ್ಚಿಕೊಂಡಿತು. ಗುಂಡು ಇಡುವಾಗ ಇನ್ನೊಂದು ಕೈ ನಳಿಗೆ ಬಿಡಬಾರದು ಅಂತ ಎಲ್ಲರಿಗೂ ಹೇಳಿಕೊಟ್ಟವನು ಅವನೇ. ಇನ್ನೊಂದು ಕೈ ಎಲ್ಲಿದೆ ಅವನಿಗೆ? ನನಗೆ ಹೊಳೆಯಲೇ ಇಲ್ಲ.

ಏಪ್ರಿಲ್ 5

ವೀಡಿಯೊ ಕೊನೆಯವರೆಗೆ ನೋಡಿದೆ. ಅರ ಆಡಿಸಿದರೆ ಕೊಕ್ಕೆಯ ಮೇಲಿನ ಗಟ್ಟಿ ಪದರ ಹೋಗುತ್ತದಂತೆ. ಆಮೇಲೆ ಒಂದೊಂದು ಗುಂಡಿಗೂ ಸವೆದು, ಒಂದು ದಿನ ಜಾರುತ್ತದಂತೆ. ಅಷ್ಟು ಹೊತ್ತು ನೋಡುವ ತಾಳ್ಮೆ ಅವತ್ತು ಇರಲಿಲ್ಲ.

ಏಪ್ರಿಲ್ 6

ಮನೆಗೆ ಬಂದೆವು. ಅಣ್ಣ ಗೋಡೆಗೆ ಮುಖ ಮಾಡಿ ಮಲಗಿದ್ದಾನೆ. ಅತ್ತಿಗೆ ತುತ್ತು ಕೊಟ್ಟರೆ ಬಾಯಿ ತೆರೆಯುವುದಿಲ್ಲ.

“ನಾನು ಪೂರ್ತಿ ಎಳೆದೇ ಇಲ್ಲ. ಕೊಕ್ಕೆ ಅರ್ಧಂಬರ್ಧ ಸಿಕ್ಕಿತ್ತು. ಕೈ ಸೋತದ್ದು ಗೊತ್ತೇ ಆಗಿಲ್ಲ ನೋಡು. ಲಕ್ವ ಎಡಗಡೆಗೂ ಬರ್ತಿದೆ ಕಣೇ.”

ಡಾಕ್ಟರು ಹಾಗೇನಿಲ್ಲ ಅಂದರೂ ನಂಬುತ್ತಿಲ್ಲ. ಹೇಳಬೇಕು. ಹೇಳಿದರೆ ಅರ, ಸ್ಪ್ರಿಂಗ್ ಎರಡನ್ನೂ ಹೇಳಬೇಕು.

ಏಪ್ರಿಲ್ 8, ಮಧ್ಯಾಹ್ನ

ಬೆಳಿಗ್ಗೆ ಹೇಳಿದೆ. ಕೊಕ್ಕೆಗೆ ಅರ ಆಡಿಸಿದವಳು ನಾನು, ನಿನ್ನ ಕೈ ಸೋತಿರಲಿಲ್ಲ ಅಂತ. ಬೈದರೆ ಬೈಸಿಕೊಳ್ಳಲು ನಿಂತಿದ್ದೆ. ಬೈಯಲಿಲ್ಲ. ಬ್ಯಾಂಡೇಜ್ ಕಟ್ಟಿದ ಕೈ ಎತ್ತಿ ನೋಡಿದ.

“ಹಾಗಾದ್ರೆ ನಾನು ಪೂರ್ತಿ ಎಳೆದಿದ್ದೆ.”

“ಎಳೆದಿದ್ದೆ ಅಣ್ಣ.”

“ಅಂಥ ಸ್ಪ್ರಿಂಗ್. ಒಂದೇ ಕೈಲಿ.”

ಮೆತ್ತನೆ ಸ್ಪ್ರಿಂಗಿನ ವಿಷಯ ಅಲ್ಲಿ ಹೇಳಬೇಕಿತ್ತು. ಅವನ ಮುಖದಲ್ಲಿ ಜೀವ ಬಂದಿತ್ತು. ಎದ್ದು ಕುಳಿತ. ಅತ್ತಿಗೆ ಕಲಸಿ ತುತ್ತಿಟ್ಟದ್ದನ್ನು ಪೂರ್ತಿ ತಿಂದ. ತಿನ್ನುತ್ತಲೇ ರೇಂಜಿನ ಮೆಕ್ಯಾನಿಕ್ಕಿಗೆ ಫೋನ್ ಮಾಡಿಸಿದ — ಕೊಕ್ಕೆ ಬದಲಾಯಿಸಲಿ, ಗಾಯ ಮಾಗಿದ ಮೇಲೆ ಮತ್ತೆ ಶುರು ಮಾಡೋಣ ಅಂತ.

ಮೆಕ್ಯಾನಿಕ್ ಬಂದಾಯಿತು. ನಡುಮನೆಯಲ್ಲಿ ಗೋಣಿ ಹಾಸಿ ಕುಳಿತಿದ್ದಾನೆ. ಬಿಚ್ಚುವುದನ್ನು ತಾನೂ ನೋಡಬೇಕು ಅಂತ ಅಣ್ಣ ಪಕ್ಕಕ್ಕೇ ಕುರ್ಚಿ ಹಾಕಿಸಿಕೊಂಡಿದ್ದಾನೆ. ಇಲ್ಲಿ ಒಳಕೋಣೆಗೆ ಕೇಳಿಸುತ್ತಿದೆ ಅವನ ಮಾತು.

“ಹುಷಾರಪ್ಪ, ಒಳಗಿರೋ ಸ್ಪ್ರಿಂಗ್ ತುಂಬಾ ಗಟ್ಟಿ. ನಾನು ಅದನ್ನ ಎಡಗೈಲಿ ಎಳೀತಿದ್ದೆ.”

ಮುಚ್ಚಳ ತಿರುಗಿಸುವ ಸದ್ದು. ಈಗಲೂ ಎದ್ದು ಹೋಗಿ ನಿಲ್ಲಿಸಬಹುದು... ಕೂತು ಬರೆಯುತ್ತಲೇ ಇದ್ದೇನೆ. ಇಷ್ಟು ಮೆತ್ತನೆ ಸ್ಪ್ರಿಂಗ್ ಯಾರು ಹಾಕಿದ್ದು ಅಂತ ಮೆಕ್ಯಾನಿಕ್ ಕೇಳುತ್ತಿದ್ದಾನೆ. ಈಗ ಅಣ್ಣ ನನ್ನನ್ನು ಕರೆಯುತ್ತಿದ್ದಾನೆ.