ನೀವು ಇಣುಕದ ಬುಟ್ಟಿ

ಪ್ರೀತಿಯ ಚೆಕಿಂಗ್ ಅಕ್ಕನಿಗೆ,

ಕಿಟಕಿ ಪಕ್ಕದ ಮಷೀನಿನಲ್ಲಿ ಕಾಲರ್ ಹೊಲಿಯುತ್ತಿದ್ದವಳ ನಮಸ್ಕಾರ. ನೆನಪಿದೆಯೇ? ಇಲ್ಲದಿದ್ದರೂ ಬೇಸರವಿಲ್ಲ, ನಿಮ್ಮ ಕೈಲಿ ಬೈಸಿಕೊಳ್ಳದವರು ಆ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಯಾರಿದ್ದರು ಹೇಳಿ! ಒಂದು ಹೊಲಿಗೆ ಹಾರಿದ್ದರೂ ಇಡೀ ಕಾಲರ್ ಬಿಚ್ಚಿಸುತ್ತಿದ್ದಿರಿ. ಹದ್ದಿನ ಕಣ್ಣು ಎಂದು ಬೆನ್ನ ಹಿಂದೆ ಗೊಣಗುತ್ತಿದ್ದೆವು.

ನನ್ನ ಮಗಳು ಈಗ ಇಂಗ್ಲಿಷ್ ಟೀಚರ್. ನಿನ್ನೆ ಅಡುಗೆಮನೆಯಲ್ಲಿ ನನ್ನನ್ನೇ ವಿದ್ಯಾರ್ಥಿನಿ ಮಾಡಿಕೊಂಡು ಪಾಠ ಮಾಡಿ ನೋಡುತ್ತಿದ್ದಳು. ‘ಟರ್ನ್ ಎ ಬ್ಲೈಂಡ್ ಐ’ ಎಂದೊಂದು ಮಾತಂತೆ. “ಕಣ್ಣು ಕಾಣಲ್ಲ ಅಂತಲ್ಲಮ್ಮ. ತಪ್ಪು ನಡೀತಿದೆ ಅಂತ ಗೊತ್ತಿದ್ರೂ ಬೇಕಂತ್ಲೇ ನೋಡದ ಹಾಗೆ ಇದ್ಬಿಡೋದು. ಒಳ್ಳೆಯವರು ಮಾಡೋ ಕೆಲಸ ಅಲ್ಲ,” ಎಂದಳು. ಹೂಂ ಎನ್ನಲು ನನ್ನಿಂದಾಗಲಿಲ್ಲ. ಒಲೆ ಆರಿಸಿ ಕೂತು ನಿಮ್ಮ ಕಥೆ ಹೇಳಿದೆ.

ಆಗ ಕೂಸಾಗಿದ್ದ ಇವಳನ್ನು ನೋಡಿಕೊಳ್ಳುತ್ತಿದ್ದ ಪಕ್ಕದ ಮನೆಯವರು ಊರು ಬಿಟ್ಟಾಗ ನನಗೆ ದಿಕ್ಕೇ ತೋಚಿರಲಿಲ್ಲ. ಕಾರ್ಖಾನೆಗೆ ಮಗು ತಂದವರಿಗೆ ಕೆಲಸವಿಲ್ಲ. ಕೆಲಸ ಹೋದರೆ ನಮಗೆ ಅನ್ನವಿಲ್ಲ. ತುಂಡುಬಟ್ಟೆಯ ಬುಟ್ಟಿಯಲ್ಲಿ ಅವಳನ್ನು ಮಲಗಿಸಿ ಮಷೀನಿನ ಕೆಳಗಿಟ್ಟುಕೊಂಡೆ. ನೀವು ಬಂದಿರಿ, ಬಗ್ಗಿದಿರಿ, ಅರ್ಧಕ್ಕೇ ನಿಂತಿರಿ. “ಈ ಕಾಲರ್ ಸೊಟ್ಟಗಿದೆ, ಬಿಚ್ಚು,” ಎಂದು ಗದರಿ ಮುಂದೆ ಹೋದಿರಿ. ಮರುದಿನದಿಂದ ನನ್ನ ಮಷೀನಿಗೆ ಮೆತ್ತನೆಯ ಹತ್ತಿ ಬಟ್ಟೆಯೇ ಬರತೊಡಗಿತು, ಅದರ ತುಂಡುಗಳೇ ಬುಟ್ಟಿಯಲ್ಲಿ ಇವಳಿಗೆ ಹಾಸಿಗೆಯಾದವು.

ಇನ್ನು ಆ ಸೀನು! ಕರೆಂಟ್ ಹೋಗಿ ಮಷೀನುಗಳೆಲ್ಲ ಸುಮ್ಮನಾಗಿದ್ದವು. ಮ್ಯಾನೇಜರ್ ನನ್ನ ಹಿಂದೆಯೇ ಇದ್ದರು. ಬುಟ್ಟಿಯೊಳಗೆ ಇವಳು ಸೀನಿಯೇಬಿಟ್ಟಳು. ತಕ್ಷಣ ನೀವು ಕರವಸ್ತ್ರ ತೆಗೆದು, “ಹಾಳು ಧೂಳು ಸಾರ್, ಸೀನಿ ಸೀನಿ ಸಾಕಾಯ್ತು!” ಎಂದು ಸಾಲಾಗಿ ಸೀನಿದಿರಿ. ಅಂದು ಅವರು ಎದುರಾದಾಗಲೆಲ್ಲ ಸೀನಿದಿರಿ. ನಟನೆ ನಿಮಗೆ ಬರುತ್ತಿರಲಿಲ್ಲ ಅಕ್ಕ, ಆದರೂ ಬಚಾವಾದೆವು.

ಮಗುವನ್ನು ನೋಡಿಕೊಳ್ಳಲು ಬೇರೆ ಮನೆಯವರು ಸಿಗುವವರೆಗೂ ನೀವು ಒಮ್ಮೆಯೂ ಬುಟ್ಟಿಯೊಳಗೆ ಇಣುಕಲಿಲ್ಲ. ನೋಡಿದ್ದರೆ, ಕೇಳಿದವರಿಗೆ ನೋಡಿದೆನೆಂದೇ ಹೇಳುವವರು ನೀವು. ನಾನೂ ಬಾಯಿಬಿಟ್ಟು ಕೃತಜ್ಞತೆ ಹೇಳಲಿಲ್ಲ. ಹೇಳಿದ್ದರೆ ನಿಮಗೆ ಗೊತ್ತಿತ್ತೆಂದು ಆಗಿಬಿಡುತ್ತಿತ್ತು. ಈಗ ಹೇಳುತ್ತೇನೆ: ನಾವಿಬ್ಬರೂ ಉಣ್ಣುತ್ತಿರುವುದು ನಿಮ್ಮಿಂದ.

ಕಥೆ ಕೇಳಿದ ಮಗಳು ಪಾಠದ ಪುಸ್ತಕ ಮುಚ್ಚಿಟ್ಟಳು. ಆಮೇಲೆ, “ಹಾಗಾದ್ರೆ ನನ್ನ ಪಾಠ ಬದಲಾಯಿಸ್ಬೇಕು. ಅವರ ಮನೆ ಎಲ್ಲಿ?” ಎಂದಳು. ಭಾನುವಾರ ಇಬ್ಬರೂ ಬರುತ್ತೇವೆ. ಅವಳ ಮುಖವನ್ನು ನೀವಿನ್ನೂ ನೋಡಿಲ್ಲ. ಈ ಸಲ ಕಣ್ತುಂಬ ನೋಡಿ, ಹರಸಿ.

ನೂರು ಕಾಲ ಚೆನ್ನಾಗಿರಿ ಅಕ್ಕ.

ಇಂತಿ,
ನಿಮ್ಮ ಸೊಟ್ಟ ಕಾಲರಿನವಳು