ಸಾವಿರ ಇಟ್ಟಿಗೆಯ ನಿಜವಾದ ಬೆಲೆ

ಕಟ್ಟಡ ಸಾಮಗ್ರಿಗಳ ಬೆಲೆ ಕೂಡಿಸಿ, ಜಿಲ್ಲೆಯಲ್ಲಿ ಕಟ್ಟೋಣ ಎಷ್ಟು ಬೆಳೆಯಿತೆಂದು ಸಾರುವ ಮಾನ್ಯ ಅಧಿಕಾರಿಗಳೇ,

ಎಂಟು ವರ್ಷ ನಾನು ನಿಮಗೆ ಸುಳ್ಳು ಬೆಲೆ ಕೊಟ್ಟೆ. ಒಂದು ಸಲವೂ ನೀವು ತಕರಾರು ತೆಗೆಯಲಿಲ್ಲ. ಹೋದ ತಿಂಗಳು ಮೊದಲ ಬಾರಿಗೆ ನಿಜವಾದ ಬೆಲೆ ಕೊಟ್ಟೆ. ‘ಅಸಹಜ ವ್ಯತ್ಯಾಸ ಕಂಡುಬಂದಿದೆ, ಪರಿಶೀಲಿಸಿ ಮರುಸಲ್ಲಿಸುವುದು’ ಎಂದು ಷರಾ ಬರೆದು ನಮೂನೆಯನ್ನು ವಾಪಸ್ ಕಳಿಸಿದ್ದೀರಿ. ಸುಳ್ಳಿಗೆ ಅಷ್ಟು ಸಲೀಸಾಗಿ ತೆರೆದುಕೊಂಡಿದ್ದ ನಿಮ್ಮ ಕಚೇರಿಯ ಬಾಗಿಲು ನಿಜಕ್ಕೆ ಮಾತ್ರ ಯಾಕೆ ಇಷ್ಟು ಬಿಗಿ? ಇದಿಷ್ಟೇ ನನ್ನ ದೂರು. ಉಳಿದದ್ದು ತಪ್ಪೊಪ್ಪಿಗೆ. ಖಾಸಗಿಯಾಗಿ ಬರೆದರೆ ಅದಕ್ಕೂ ಒಂದು ಷರಾ ಬಿದ್ದೀತೆಂದು ಹೆದರಿ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ.

ನಾನು ಸಿರುಗುಪ್ಪದಲ್ಲಿ ಮೂವತ್ತೊಂದು ವರ್ಷದಿಂದ ಕಬ್ಬಿಣ, ಸಿಮೆಂಟು ಮಾರುವವನು. ಇಟ್ಟಿಗೆ, ಜಲ್ಲಿ ಬೇಕೆಂದವರಿಗೆ ಆರ್ಡರ್ ತೆಗೆದುಕೊಂಡು ತರಿಸಿಕೊಡುತ್ತೇನೆ. ಎಂಟು ವರ್ಷದ ಹಿಂದೆ, ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ನಿಮ್ಮ ಕಚೇರಿಯವರೊಬ್ಬರು ಬಳ್ಳಾರಿಯಿಂದ ಬಸ್ಸಿನಲ್ಲಿ ಬಂದು ನನ್ನ ಅಂಗಡಿಯ ಮುಂದೆ ಇಳಿದರು. ನಮ್ಮ ಊರಿನ ಏಪ್ರಿಲ್ ಬಿಸಿಲು ಎಂಥದೆಂದು ನಿಮಗೆ ಹೇಳಬೇಕಾಗಿಲ್ಲ. ಮನುಷ್ಯ ಬೆವರಿನಲ್ಲಿ ತೊಯ್ದು ಹೋಗಿದ್ದ. ನೀರು ಕೊಟ್ಟೆ, ಚಹಾ ತರಿಸಿದೆ. ಆತ ಉದ್ದನೆಯ ನಮೂನೆ ಬಿಚ್ಚಿ, ತೇಗದ ಬಾಗಿಲು ಚೌಕಟ್ಟಿಗೆ ಏನು ದರ ಎಂದು ಕೇಳಿದ. ತೇಗದ ಚೌಕಟ್ಟು ನನ್ನ ಅಂಗಡಿ ಬಿಟ್ಟು ಯಾವ ಕಾಲವಾಯಿತು. ನಮ್ಮ ಕಡೆ ಈಗ ಕಲ್ಲಿನ ಚೌಕಟ್ಟು ಕುರುಗೋಡು ಕಡೆಯಿಂದ ಬರುತ್ತದೆ, ಕೈಲಾಗದವರು ಸಿಮೆಂಟಿನದು ಕೂರಿಸುತ್ತಾರೆ. ಆದರೆ ಅಷ್ಟು ದೂರದಿಂದ ಬಿಸಿಲಲ್ಲಿ ಬಂದವರಿಗೆ ‘ಇಲ್ಲ’ ಎಂದು ಖಾಲಿ ಕೈಯಲ್ಲಿ ಕಳಿಸಲು ಮನಸ್ಸು ಒಪ್ಪಲಿಲ್ಲ. ಅಂದಾಜಿನ ಮೇಲೆ ಒಂದು ಬೆಲೆ ಹೇಳಿದೆ. ಆತ ಸಂತೋಷದಿಂದ ಬರೆದುಕೊಂಡ. ಅತಿಥಿ ಸತ್ಕಾರದಲ್ಲಿ ಚಹಾದ ಜೊತೆ ಒಂದು ಅಂಕಿಯೂ ಸೇರಿತು, ಅಷ್ಟೇ.

ಮೂರು ತಿಂಗಳು ಕಳೆದು ಆತ ಮತ್ತೆ ಬಂದಾಗ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ‘ಹೋದ ಸಲದ್ದೇ ಹಾಕ್ಕೊಳ್ರಿ’ ಎಂದೆ. ಆ ಮಾತಿನಿಂದ ನನಗೂ ಅನುಕೂಲ, ಆತನಿಗೂ ಅನುಕೂಲ. ಅಲ್ಲಿಂದ ಮುಂದೆ ಆತ ಫೋನಿನಲ್ಲೇ ಕೇಳುತ್ತಿದ್ದ, ನಾನು ಫೋನಿನಲ್ಲೇ ಹೇಳುತ್ತಿದ್ದೆ. ಇಟ್ಟಿಗೆ ಸಾವಿರಕ್ಕೆ ನಾಲ್ಕು ಸಾವಿರದ ಎಂಟುನೂರರಿಂದ ಶುರುವಾಗಿತ್ತು. ತೀರಾ ಅಲ್ಲಾಡದೆ ನಿಂತರೆ ಚೆನ್ನಾಗಿರುವುದಿಲ್ಲವೆಂದು ಯುಗಾದಿಗೊಮ್ಮೆ ಮರ್ಯಾದೆಗೆ ಐವತ್ತು ರೂಪಾಯಿ ಏರಿಸುತ್ತಿದ್ದೆ. ಹೀಗೆ ನಿಮ್ಮ ದಾಖಲೆಯಲ್ಲಿ ಸಿರುಗುಪ್ಪದ ಇಟ್ಟಿಗೆ ಈಗ ಐದು ಸಾವಿರದ ಇನ್ನೂರಕ್ಕೆ ಬಂದಿದೆ. ನನ್ನ ಅಂಗಡಿಯಲ್ಲಿ ಅದೇ ಇಟ್ಟಿಗೆಗೆ ಎಂಟು ಸಾವಿರದ ಆರುನೂರು. ಗಾರೆ ಕೆಲಸದ ಗೌಂಡಿಯ ದಿನಗೂಲಿಯದೂ ಇದೇ ಕಥೆ.

ಒಬ್ಬ ಅಂಗಡಿಯವನ ಅಲಕ್ಷ್ಯದಿಂದ ಇಡೀ ಜಿಲ್ಲೆಯ ಲೆಕ್ಕ ಕೆಡುತ್ತದೆಯೇ ಎಂದು ನೀವು ಕೇಳಬಹುದು. ನಾನೂ ಹಾಗೇ ಸಮಾಧಾನ ಮಾಡಿಕೊಂಡಿದ್ದೆ. ಮೊನ್ನೆ ಕುರುಗೋಡಿನ ವ್ಯಾಪಾರಿ ಜಂಬುನಾಥನಿಗೆ ಫೋನ್ ಮಾಡಿದೆ. ನಿಮಗೆ ಬೆಲೆ ಕೊಡುವ ಮೂವರ ಪಟ್ಟಿಯಲ್ಲಿ ಆತನೂ ಇದ್ದಾನೆ. ನೀನು ಯಾವ ಬೆಲೆ ಕೊಡುತ್ತೀಯಪ್ಪ ಎಂದರೆ ನಗಲು ಶುರು ಮಾಡಿದ. ‘ಅಣ್ಣ, ನೀ ಏನ್ ಬರಸ್ತಿ ಅಂತ ಆ ಸರ್‌ನ ಕೇಳಿ, ಅದನ್ನ ನಾನೂ ಬರಸ್ತೀನಿ. ನೀ ಹಿರಿಯಾವ, ತಪ್ಪು ಹೇಳಂಗಿಲ್ಲ ಅಂತ ನಂಬಿಕಿ’ ಎಂದ. ಬಳ್ಳಾರಿ ನಗರದ ಮೂರನೆಯ ವ್ಯಾಪಾರಿ ಯಾರನ್ನು ನಂಬುತ್ತಾನೋ ವಿಚಾರಿಸುವ ಧೈರ್ಯ ನನಗೆ ಬರಲಿಲ್ಲ. ನಿಮ್ಮ ಈ ವರ್ಷದ ವರದಿಯಲ್ಲಿ ‘ಮೂರೂ ಕೇಂದ್ರಗಳ ಬೆಲೆಗಳಲ್ಲಿ ಗಮನಾರ್ಹ ಸಾಮ್ಯತೆ ಇದ್ದು, ದತ್ತಾಂಶದ ಗುಣಮಟ್ಟವನ್ನು ಇದು ದೃಢಪಡಿಸುತ್ತದೆ’ ಎಂಬ ಸಾಲಿದೆ. ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಜಂಬುನಾಥನಿಗೆ ಮಾತ್ರ ಸೇರಿತಂತೆ.

ಅದೇ ವರದಿಯ ಮುಖಪುಟದಲ್ಲಿ ಇನ್ನೊಂದು ಸಾಲು ದಪ್ಪ ಅಕ್ಷರದಲ್ಲಿತ್ತು. ಸ್ಥಿರ ಬೆಲೆಗಳಲ್ಲಿ ನಿರ್ಮಾಣ ವಲಯ ಶೇಕಡಾ ಹನ್ನೊಂದು ಬೆಳೆದಿದೆ. ಸ್ಥಿರ ಬೆಲೆ ಎಂದರೇನೆಂದು ನನಗೆ ಆಗ ತಿಳಿಯದು. ನಿಮ್ಮ ಕಚೇರಿಗೆ ಹೊಸದಾಗಿ ಬಂದಿರುವ ರಶ್ಮಿ ಎಂಬ ಹುಡುಗಿ ಈ ಸಲ ನೇರವಾಗಿ ಅಂಗಡಿಗೇ ಬಂದು, ನನ್ನ ಕೌಂಟರಿನ ಮೇಲೆ ಬಿಲ್ಲಿನ ಹಿಂಬದಿಗೆ ಬರೆದು ತಿಳಿಸಿಕೊಟ್ಟಳು. ಕಟ್ಟಡಗಳಿಗೆ ಜನ ಈ ವರ್ಷ ಸುರಿದ ದುಡ್ಡು ಎಷ್ಟು ನೋಡಬೇಕು. ಅದರಲ್ಲಿ ಸಾಮಾನು ತುಟ್ಟಿಯಾದದ್ದರಿಂದ ಹೆಚ್ಚಿದ್ದು ಎಷ್ಟೋ ಅದನ್ನು ತೆಗೆದುಹಾಕಬೇಕು. ಉಳಿದದ್ದೇ ನಿಜವಾಗಿ ಹೆಚ್ಚು ಕಟ್ಟಿದ್ದು. ಬಹಳ ಚಂದದ ಲೆಕ್ಕ, ನನಗೆ ಇಷ್ಟವಾಯಿತು. ಆದರೆ ತುಟ್ಟಿ ಎಷ್ಟಾಯಿತೆಂದು ನಿಮಗೆ ಹೇಳುವವರು ಯಾರು? ನಾನು, ನನ್ನಿಂದ ಕೇಳಿ ಬರೆಸುವ ಜಂಬುನಾಥ, ಮತ್ತು ದೇವರೇ ಬಲ್ಲ ಬಳ್ಳಾರಿಯವನು. ಏನೂ ತುಟ್ಟಿಯಾಗಿಲ್ಲ ಎಂದು ನಾವು ಮೂವರೂ ಒಂದೇ ಬಾಯಲ್ಲಿ ಹೇಳಿದ್ದೇವೆ. ಹಾಗಾಗಿ ತುಟ್ಟಿಯಾದದ್ದನ್ನೆಲ್ಲ ನೀವು ಹೊಸ ಗೋಡೆ ಎಂದು ಎಣಿಸಿದ್ದೀರಿ. ಜನ ಅದೇ ಗೋಡೆಗೆ ಹೆಚ್ಚು ದುಡ್ಡು ತೆತ್ತು ನರಳಿದ್ದನ್ನು ಹೆಚ್ಚು ಗೋಡೆ ಕಟ್ಟಿ ನಲಿದರೆಂದು ಅಚ್ಚು ಹಾಕಿಸಿದ್ದೀರಿ.

ಈ ವಿಷಯ ನನಗಿಂತ ಮೊದಲು ಗೌಂಡಿ ಇಮಾಮಸಾಬ್ ಅವರಿಗೆ ಗೊತ್ತಿತ್ತು. ನಲವತ್ತು ವರ್ಷ ಕರಣೆ ಹಿಡಿದವರು. ನಮ್ಮಲ್ಲಿ ಹೊಸ ಮನೆಗೆ ಬಾಗಿಲು ನಿಲ್ಲಿಸುವ ದಿನ ಯಜಮಾನರು ಗೌಂಡಿಯ ಹೆಗಲಿಗೆ ಒಂದು ಟವೆಲ್ ಹೊದಿಸುತ್ತಾರೆ. ಮನೆ ಹಿಂದೂಗಳದಾಗಲಿ ಮುಸ್ಲಿಮರದಾಗಲಿ, ಆ ಟವೆಲ್ ತಪ್ಪುವುದಿಲ್ಲ. ಇಮಾಮಸಾಬರ ಹೆಂಡತಿ ಖಾತೂನ್ ಆ ವರ್ಷದ ಟವೆಲ್‌ಗಳನ್ನೆಲ್ಲ ಟ್ರಂಕಿನಲ್ಲಿ ಇಟ್ಟು, ರಂಜಾನ್ ಬಂದಾಗ ಎಣಿಸಿ ನೆಂಟರಿಷ್ಟರಿಗೆ ಹಂಚುತ್ತಾರೆ. ನಾನು ಅವರಿಗೆ ಶೇಕಡಾ ಹನ್ನೊಂದರ ಸುದ್ದಿ ಓದಿ ಹೇಳಿದಾಗ ಬೀಡಿ ಆರಿಸಿ ಒಂದೇ ಮಾತು ಕೇಳಿದರು. ‘ಸಾವ್ಕಾರ್ರ, ಹೋದ ವರ್ಷ ಒಂಬತ್ತು ಟವಲ್ ಬಂದಿದ್ವು. ಈ ವರ್ಷ ಆರು. ಬೆಳದದ್ದು ಎಲ್ಲಿ ಐತಿ ತೋರಸ್ರಿ, ನಾನೂ ಕೆಲಸಕ್ಕ ಹೋಗ್ತೀನಿ.’

ಟವೆಲ್ ಲೆಕ್ಕದಲ್ಲೂ ಲೋಪವಿದೆ, ಒಪ್ಪುತ್ತೇನೆ. ಎರಡು ಕೋಣೆಯ ಮನೆಗೂ ಒಂದೇ ಟವೆಲ್, ಮೂರಂತಸ್ತಿನ ಬಂಗಲೆಗೂ ಒಂದೇ ಟವೆಲ್. ಸೇತುವೆಗೆ ಯಾರೂ ಟವೆಲ್ ಹೊದಿಸುವುದಿಲ್ಲ. ಆದರೆ ಟವೆಲ್ ತುಟ್ಟಿಯಾಯಿತೆಂದು ಖಾತೂನ್ ಒಂದನ್ನು ಎರಡು ಎಂದು ಎಣಿಸಿದ್ದಿಲ್ಲ. ಅಷ್ಟರ ಮಟ್ಟಿಗೆ ಆ ಟ್ರಂಕು ನಿಮ್ಮ ಕಂಪ್ಯೂಟರಿಗಿಂತ ಸ್ಥಿರ ಬೆಲೆಯಲ್ಲಿದೆ.

ಇಷ್ಟೇ ಆಗಿದ್ದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ವರದಿಯಲ್ಲಿ ಜಿಲ್ಲೆ ಬೆಳೆದರೆ ನನ್ನ ಗಂಟೇನು ಹೋಗುತ್ತದೆ? ಆದರೆ ನನ್ನ ತಂಗಿಯ ಮಗಳು ಜ್ಯೋತಿ ತೆಕ್ಕಲಕೋಟೆಯ ಆಚೆ ಒಂದು ಸಣ್ಣ ಹಳ್ಳಿಯಲ್ಲಿ ಅಂಗನವಾಡಿ ನಡೆಸುತ್ತಾಳೆ. ಇಪ್ಪತ್ತೆರಡು ಮಕ್ಕಳು. ಕಟ್ಟಡ ಮಂಜೂರಾಗಿ, ಗೋಡೆ ಕಿಟಕಿಯ ಮಟ್ಟಕ್ಕೆ ಬಂದು, ಅಲ್ಲಿಗೇ ನಿಂತು ಎರಡು ವರ್ಷವಾಯಿತು. ಮಕ್ಕಳು ಗುಡಿಯ ಪೌಳಿಯಲ್ಲಿ ಕೂರುತ್ತವೆ. ಗುಡಿಯಲ್ಲಿ ಕಾರ್ಯವಿದ್ದ ದಿನ ಬೇವಿನ ಮರದ ಕೆಳಗೆ. ಮಳೆ ಬಂದ ದಿನ ರಜೆ. ಮೊದಲ ಗುತ್ತಿಗೆದಾರ ಅರ್ಧಕ್ಕೇ ಕೈಬಿಟ್ಟ, ಎರಡನೇ ಟೆಂಡರಿಗೆ ಯಾರೂ ಬರಲಿಲ್ಲ. ಅಂದಾಜು ಪಟ್ಟಿಯಲ್ಲಿ ಹಾಕಿದ ದರಕ್ಕೆ ಇಟ್ಟಿಗೆ ಎಲ್ಲೂ ಸಿಗುವುದಿಲ್ಲ ಎನ್ನುವುದೇ ಕಾರಣ. ದರ ಏರಿಸಿ ಎಂದು ಜ್ಯೋತಿ ಕೇಳಿದ್ದಕ್ಕೆ ಎಂಜಿನಿಯರ್ ಸಾಹೇಬರು ನಿಮ್ಮ ಸೂಚ್ಯಂಕದ ಹಾಳೆ ತೋರಿಸಿ, ನಿಮ್ಮ ತಾಲ್ಲೂಕಿನಲ್ಲಿ ಇಟ್ಟಿಗೆ ಏರಿಯೇ ಇಲ್ಲವಲ್ಲಮ್ಮ ಎಂದರಂತೆ.

ಆ ಹಾಳೆಯ ನಕಲು ತೆಗೆದುಕೊಂಡು ಅವಳು ನನ್ನ ಹತ್ತಿರ ಬಂದಳು. ಯಾವನೋ ಬೇಜವಾಬ್ದಾರಿ ಅಂಗಡಿಯವನು ಹೀಗೆ ಬರೆಸಿದ್ದಾನೆ, ಯಾರೆಂದು ಕಂಡುಹಿಡಿದು ಕೊಡು ಮಾವ ಎಂದಳು. ಅರ್ಧಕ್ಕೆ ಬಿಟ್ಟುಹೋದ ಆ ಗುತ್ತಿಗೆದಾರ ಇಟ್ಟಿಗೆಯ ದರ ಕೇಳಿದ್ದು ನನ್ನ ಅಂಗಡಿಯಲ್ಲೇ. ಆತನಿಗೆ ನಿಜವಾದ ದರ ಬರೆದುಕೊಟ್ಟಿದ್ದೆ. ಅದೇ ವಾರ ನಿಮ್ಮವರಿಗೆ ಫೋನಿನಲ್ಲಿ ಹೋದ ಸಲದ್ದೇ ಎಂದಿದ್ದೆ. ಒಂದೇ ಕೌಂಟರು, ಒಂದೇ ಬಾಯಿ, ಎರಡು ಬೆಲೆ. ಮುಚ್ಚಿಡಲು ಆಗಲಿಲ್ಲ, ಆ ಅಂಗಡಿಯವನು ನಾನೇ ಎಂದು ಹೇಳಿಬಿಟ್ಟೆ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆ ನಕಲನ್ನು ಮಡಚುತ್ತ, ‘ಮಾವ, ನಾನು ತಿಂಗಳಾ ಹುಡುಗರ ತೂಕ ತಗೊಂತೀನಿ. ಹೋದ ತಿಂಗಳದ್ದ ಬರದುಬಿಟ್ರ ಸೊರಗಿದ ಕೂಸು ಯಾವುದು ಅಂತ ನನಗ ಹೆಂಗ ಗೊತ್ತಾಗಬೇಕು?’ ಎಂದಳು. ಐವತ್ತೆಂಟು ವರ್ಷದಲ್ಲಿ ನನಗೆ ಅಷ್ಟು ನಾಚಿಕೆಯಾದದ್ದು ಇನ್ನೊಮ್ಮೆ ಇಲ್ಲ.

ಆಮೇಲೆ ರಶ್ಮಿ ಬಂದಾಗ ನಾನು ಚಹಾ ಕೊಟ್ಟೆ, ಅಂಕಿ ಮಾತ್ರ ಬಿಲ್ ಬುಕ್ ತೆರೆದು ಕೊಟ್ಟೆ. ಇಟ್ಟಿಗೆ ಎಂಟು ಸಾವಿರದ ಆರುನೂರು. ತೇಗದ ಚೌಕಟ್ಟು ಇಲ್ಲ, ಈ ಎಂಟು ವರ್ಷದಲ್ಲಿ ಎಂದೂ ಇರಲಿಲ್ಲ. ಹೊಳೆ ಮರಳು ಸಿಗುವುದಿಲ್ಲ, ಜನ ಎಂ-ಸ್ಯಾಂಡ್ ಹಾಕುತ್ತಾರೆ. ಆ ಹುಡುಗಿ ಎಲ್ಲವನ್ನೂ ಪ್ರಾಮಾಣಿಕವಾಗಿ ಬರೆದುಕೊಂಡಳು. ನೀವು ವಾಪಸ್ ಕಳಿಸಿದ ಮೇಲೆ ಪಾಪ ಅವಳೇ ಮುಖ ಸಣ್ಣದು ಮಾಡಿಕೊಂಡು ಬಂದು, ‘ಹೋದ ಸಲಕ್ಕಿಂತ ನೂರಕ್ಕ ಐದಕ್ಕಿಂತ ಹೆಚ್ಚು ಏರಿದ್ರ ಸಿಸ್ಟಮ್ ತಗೊಳ್ಳಂಗಿಲ್ರಿ. ಮೂರ್ ಮೂರ್ ತಿಂಗಳಿಗೆ ಚೂರು ಚೂರು ಏರಸಿಕೊಂತ ಹೋಗ್ರಿ ಅಂತ ಮ್ಯಾಲಿನವರು ಹೇಳ್ಯಾರ’ ಎಂದಳು.

ನಾನು ಲೆಕ್ಕ ಹಾಕಿದೆ. ಸಲಕ್ಕೆ ನೂರಕ್ಕೆ ಐದರಂತೆ ಏರಿದರೆ ನಿಜವನ್ನು ಮುಟ್ಟಲು ಹನ್ನೊಂದು ಸಲ ಬೇಕು. ಎರಡೂ ಮುಕ್ಕಾಲು ವರ್ಷ. ಅಲ್ಲಿಯತನಕ ಇಟ್ಟಿಗೆ ಭಟ್ಟಿಯವರು ಬೆಲೆ ಏರಿಸದೆ ನಿಮಗಾಗಿ ಕಾಯುತ್ತಾರೆ ಎಂದುಕೊಂಡರೂ, ಈಗ ಮೂರು ವರ್ಷದ ಮಕ್ಕಳು ಅಷ್ಟರಲ್ಲಿ ಸಾಲೆಗೆ ಸೇರಿರುತ್ತವೆ. ಅಂಗನವಾಡಿಯ ಸೂರು ಕಾಣದೆಯೇ ಅಂಗನವಾಡಿ ಮುಗಿಸಿರುತ್ತವೆ. ಬೆಲೆ ಏರಿದ್ದು ನನ್ನ ಬಾಯಲ್ಲಿ ಒಮ್ಮೆಲೇ, ಹೌದು. ಆದರೆ ಬಜಾರಿನಲ್ಲಿ ಅದು ಎಂಟು ವರ್ಷ ಮೆಟ್ಟಿಲು ಮೆಟ್ಟಿಲಾಗಿಯೇ ಏರಿದೆ. ಆ ಮೆಟ್ಟಿಲುಗಳು ನನ್ನ ಹಳೆಯ ಬಿಲ್ ಬುಕ್ಕುಗಳಲ್ಲಿ ತಾರೀಖು ಸಮೇತ ಇವೆ. ಬಂದು ನೋಡಲು ಬಳ್ಳಾರಿಯಿಂದ ಬಸ್ಸಿದೆ.

ಆದ್ದರಿಂದ ನನ್ನ ಒತ್ತಾಯ ಇಷ್ಟು. ಅಂಗನವಾಡಿಯ ಮೂರನೇ ಟೆಂಡರಿನ ಅಂದಾಜು ಬರುವ ತಿಂಗಳು ಹದಿನೈದರೊಳಗೆ ತಯಾರಾಗುತ್ತದೆ, ಈ ಸಲದ ನಿಮ್ಮ ಸೂಚ್ಯಂಕ ನೋಡಿಯೇ ತಯಾರಾಗುತ್ತದೆ. ಅಷ್ಟರೊಳಗೆ ನಿಜವಾದ ಬೆಲೆಯನ್ನು ಪೂರ್ತಿಯಾಗಿ ಸ್ವೀಕರಿಸಿ. ನಾನು ಕೆಡಿಸಿದ ಎಂಟು ವರ್ಷಗಳ ಬೆಲೆಯನ್ನು ನನ್ನ ಬಿಲ್ಲುಗಳಿಂದ ತಿದ್ದಿ. ತಿದ್ದಿದರೆ ನಿಮ್ಮ ಶೇಕಡಾ ಹನ್ನೊಂದು ಕರಗಿ ಎರಡೋ ಮೂರೋ ಉಳಿಯಬಹುದು, ಸೊನ್ನೆಯ ಕೆಳಗೂ ಹೋಗಬಹುದು. ಹೋಗಲಿ, ಅದನ್ನೂ ಮುಖಪುಟದಲ್ಲಿ ದಪ್ಪ ಅಕ್ಷರದಲ್ಲೇ ಹಾಕಿ. ನನ್ನ ಮೇಲೆ ಕ್ರಮ ಕೈಗೊಳ್ಳುವುದಿದ್ದರೆ ಧಾರಾಳವಾಗಿ ಕೈಗೊಳ್ಳಿ, ರಶ್ಮಿಯ ಮೇಲೆ ಮಾತ್ರ ಬೇಡ. ನಿಮ್ಮ ಕಚೇರಿಯಿಂದ ಬಂದು ನನ್ನ ಬಿಲ್ ಬುಕ್ ಕೇಳಿ ನೋಡಿದ ಮೊದಲಿಗಳು ಅವಳು.

ಎಂಟು ವರ್ಷ ಸುಳ್ಳು ಹೇಳಿದವನಿಗೆ ಈಗ ನನ್ನ ಮಾತು ನಂಬಿ ಎನ್ನಲು ಮುಖವಿಲ್ಲ. ಹಾಗಾಗಿ ಮೊನ್ನೆ ಸೋಮವಾರ ನಾನೇ ಭಟ್ಟಿಗೆ ಹೋಗಿ, ಎಲ್ಲರಂತೆ ಚೌಕಾಸಿ ಮಾಡಿ, ಸಾವಿರ ಇಟ್ಟಿಗೆ ಕೊಂಡು ಟ್ರ್ಯಾಕ್ಟರಿನಲ್ಲಿ ಜ್ಯೋತಿಯ ಅಂಗನವಾಡಿಯ ಮುಂದೆ ಇಳಿಸಿ ಬಂದಿದ್ದೇನೆ. ಎಂಟು ಸಾವಿರದ ಆರುನೂರರ ರಸೀದಿಯನ್ನು ಇದರೊಂದಿಗೆ ಲಗತ್ತಿಸಿದ್ದೇನೆ. ನಿಮ್ಮ ಹಾಳೆಯಲ್ಲಿರುವ ಐದು ಸಾವಿರದ ಇನ್ನೂರೇ ಸರಿ ಎಂದು ಇನ್ನೂ ಅನ್ನಿಸಿದರೆ, ದಯವಿಟ್ಟು ಆ ದರಕ್ಕೆ ನೀವೊಂದು ಸಾವಿರ ಇಟ್ಟಿಗೆ ತಂದು ಅದರ ಪಕ್ಕದಲ್ಲಿ ಇಳಿಸಿ. ಎರಡು ಸಾವಿರ ಇದ್ದರೆ ಗೋಡೆ ಕಿಟಕಿಯ ಮೇಲಿನ ಲಿಂಟಲ್ ತನಕ ಬರುತ್ತದೆ, ಕೂಲಿ ಬೇಡ ಎಂದು ಇಮಾಮಸಾಬ್ ಹೇಳಿದ್ದಾರೆ.

ಇಂತಿ,
ಎಂಟು ವರ್ಷ ಬರೀ ಬಾಯಿಮಾತಿನಲ್ಲಿ ಜಿಲ್ಲೆ ಕಟ್ಟಿದ
ಉಜ್ಜಿನಪ್ಪ
ಕಬ್ಬಿಣ ಮತ್ತು ಸಿಮೆಂಟ್ ವ್ಯಾಪಾರಿ, ಸಿರುಗುಪ್ಪ